ನೀವು ಯಾರ ಕಡೆಯವರು?

ಜಮೀನಿನ ಕ್ರಯಪತ್ರ ತೆರೆದು ನೋಡಿದರೆ ಅಲ್ಲಿ ಇಬ್ಬರು ಇರುತ್ತಾರೆ. ಬರೆದುಕೊಟ್ಟವರು ಒಬ್ಬರು, ಬರೆಸಿಕೊಂಡವರು ಒಬ್ಬರು. ಪತ್ರ ಬರೆಯುವುದೇ ನನ್ನ ಕಸುಬು. ಉಪನೋಂದಣಾಧಿಕಾರಿಗಳ ಕಚೇರಿಯ ಎದುರು ಸಾಲಾಗಿ ಕೂತಿರುತ್ತೇವಲ್ಲ, ಆ ಸಾಲಿನವನು ನಾನು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಅಲ್ಲಿ ಮೂರನೆಯವರೊಬ್ಬರು ಇದ್ದೇ ಇರುತ್ತಾರೆ. ಅವರ ಹೆಸರು ಪತ್ರದಲ್ಲಿ ಎಲ್ಲೂ ಬರುವುದಿಲ್ಲ. ಸಾಕ್ಷಿ ಹಾಕುವ ಜಾಗದಲ್ಲೂ ಸಾಮಾನ್ಯವಾಗಿ ಬರುವುದಿಲ್ಲ. ಒಳಗೆ ಹೆಬ್ಬೆಟ್ಟು ಬಿತ್ತೋ ಇಲ್ಲವೋ ಎಂದು ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತಿರುತ್ತಾರೆ. ಮಾರುವವರಿಗೂ ಕೊಳ್ಳುವವರಿಗೂ ಮೊದಲು ಮುಖಪರಿಚಯ ಮಾಡಿಸಿದವರು ಅವರೇ.

ಹಳ್ಳಿಯಲ್ಲಿ ದಲ್ಲಾಳಿ, ಪೇಟೆಯಲ್ಲಿ ಬ್ರೋಕರ್. ಇವತ್ತಿನ ಮಾತು ಅವರ ಬಗ್ಗೆ, ಅವರು ಪಡೆಯುವ ಕಮಿಷನ್ ಬಗ್ಗೆ.

ಈಚೆಗೆ ಓದು ಮುಗಿಸಿದ ಹುಡುಗರು ನನ್ನ ಮೇಜಿನ ಹತ್ತಿರ ಬಂದು ಕೇಳುತ್ತಾರೆ. "ಸಾರ್, ಇದಕ್ಕೆ ಬಂಡವಾಳ ಬೇಡವಂತೆ. ಒಂದು ಫೋನು, ಒಂದು ಬೈಕು ಇದ್ದರೆ ಸಾಕಂತೆ. ಜಾಗ ಮಾರುವವರನ್ನು ಹುಡುಕೋದು, ಬೆಂಗಳೂರು ಪಾರ್ಟಿಗೆ ಹೇಳೋದು, ಕಮಿಷನ್ ತಗೊಳ್ಳೋದು. ಮಾಡಬಹುದಾ?" ಮಾಡಬಹುದು, ಮಾಡಿ ಎನ್ನುತ್ತೇನೆ. ಕಾನೂನು ಬೇಡ ಎನ್ನುವುದಿಲ್ಲ, ಮರ್ಯಾದೆಯೂ ಕಡಿಮೆಯಾಗುವುದಿಲ್ಲ. ಆದರೆ ಮನೆ ಬಿಡುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು. ಯಾರಾದರೂ ಕೇಳುತ್ತಾರೆ, ಕೇಳಲೇಬೇಕು: ನೀವು ಯಾರ ಕಡೆಯವರು? ಮಾರುವವರ ಕಡೆಯವರೋ, ಕೊಳ್ಳುವವರ ಕಡೆಯವರೋ? ಈ ಕಸುಬಿನ ಒಳ್ಳೆಯದೂ ಕೆಟ್ಟದ್ದೂ ಈ ಪ್ರಶ್ನೆಯ ಸುತ್ತಲೇ ತಿರುಗುತ್ತವೆ.

ಬರೀ ಪರಿಚಯ ಮಾಡಿಸಿದ್ದಕ್ಕೆ ದುಡ್ಡು ಯಾಕೆ ಕೊಡಬೇಕು? ಮೊದಲು ಅದನ್ನು ನೋಡೋಣ.

ಹಿಂದೆ ಜಮೀನು ಯಾರದೆಂದು ತಿಳಿಯಬೇಕಾದರೆ ಶಾನುಭೋಗರ ಮನೆಗೆ ಹೋಗಬೇಕಿತ್ತು. ಆಮೇಲೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯಬೇಕಿತ್ತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು, ಪಹಣಿ ಕಂಪ್ಯೂಟರಿಗೆ ಹತ್ತಿತು. ಈಗ ಸರ್ವೆ ನಂಬರು ಗೊತ್ತಿದ್ದರೆ ಕೂತಲ್ಲೇ ಖಾತೆದಾರರ ಹೆಸರು ಸಿಗುತ್ತದೆ. ಜಮೀನಿನ ಮೇಲೆ ಸಾಲ ಇದೆಯೋ ಇಲ್ಲವೋ ಎನ್ನುವುದಕ್ಕೆ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಯಬಹುದು. ಇನ್ನು ದಲ್ಲಾಳಿಯ ಕಾಲ ಮುಗಿಯಿತು ಎಂದು ಆಗ ಕೆಲವರು ಅಂದುಕೊಂಡಿದ್ದರು. ಮುಗಿಯಲಿಲ್ಲ, ಇನ್ನೂ ಬೆಳೆಯಿತು.

ಯಾಕೆ ಅಂತೀರಾ? ಪಹಣಿಯಲ್ಲಿ ಹೆಸರು ಇರುತ್ತದೆ, ಮನಸ್ಸು ಇರುವುದಿಲ್ಲ. ಆ ಹೆಸರಿನವರು ಮಾರಲು ಒಪ್ಪುತ್ತಾರೋ ಇಲ್ಲವೋ ಅದರಲ್ಲಿ ಬರೆದಿರುವುದಿಲ್ಲ. ಯಾರ ಮಗಳ ಮದುವೆ ಗೊತ್ತಾಗಿದೆ, ಯಾರ ಬೋರ್‌ವೆಲ್ ಬತ್ತಿದೆ, ಯಾರ ಮಗ ಊರಿಗೆ ವಾಪಸು ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದಾನೆ, ಇದೆಲ್ಲ ಊರಿನ ಕಟ್ಟೆಯ ಮೇಲೆ ಸಿಗುವ ಸುದ್ದಿ. ಆ ಸುದ್ದಿ ತಿಳಿದವನಿಗೆ ಬೆಲೆ ಇದೆ. ಅಣ್ಣತಮ್ಮಂದಿರಲ್ಲಿ ಯಾರ ಜೊತೆ ಮೊದಲು ಮಾತಾಡಬೇಕು ಎಂದು ತಿಳಿದವನಿಗೆ ಇನ್ನೂ ಬೆಲೆ ಇದೆ.

ಕೊಳ್ಳುವವರ ಕಡೆಯಿಂದಲೂ ಒಂದು ಲೆಕ್ಕ ಹಾಕೋಣ. ರೇಡಿಯೋ ಪಕ್ಕದಲ್ಲಿ ಪೆನ್ನು ಪೇಪರು ಬೇಡ, ದುಂಡು ಸಂಖ್ಯೆಯಲ್ಲೇ ಹೇಳುತ್ತೇನೆ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ ಹೆಚ್ಚುಕಡಿಮೆ 1,100 ಚದರಡಿ. ಅಂದರೆ ಒಂದು ಎಕರೆ ಸುಮಾರು 43,500 ಚದರಡಿ. ರೈತರು ಎಕರೆಯಲ್ಲಿ ಮಾತಾಡುತ್ತಾರೆ. ಲೇಔಟ್ ಮಾಡುವವರು ಚದರಡಿಯಲ್ಲಿ ಯೋಚಿಸುತ್ತಾರೆ. ರಸ್ತೆ, ಚರಂಡಿ, ಪಾರ್ಕು ಎಲ್ಲ ಬಿಟ್ಟರೆ ಸೈಟಿಗೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ 30-40 ಅಳತೆಯ ಸುಮಾರು 20 ಸೈಟು ಆಗುತ್ತವೆ. ಒಂದೊಂದು ಸೈಟು 12 ಲಕ್ಷಕ್ಕೆ ಹೋಗುವ ಕಡೆ, ಎಕರೆಗೆ 2 ಕೋಟಿ 40 ಲಕ್ಷ. ಅದರಲ್ಲಿ ಭೂಪರಿವರ್ತನೆ, ರಸ್ತೆ, ಕರೆಂಟು, ನೀರು, ಬಡ್ಡಿ, ಎರಡು ಮೂರು ವರ್ಷದ ಕಾಯುವಿಕೆ, ಎಲ್ಲ ಕಳೆಯಬೇಕು. ಕಳೆದರೂ ರೈತರಿಗೆ 60 ಲಕ್ಷ ಕೊಟ್ಟು ಎಕರೆ ಕೊಂಡವರಿಗೆ ಏನೋ ಉಳಿಯುತ್ತದೆ. ಹೀಗಾಗಿ ಸರಿಯಾದ ಜಾಗವನ್ನು ಸರಿಯಾದ ಹೊತ್ತಿಗೆ ತೋರಿಸಿದವನಿಗೆ ಒಂದೆರಡು ಲಕ್ಷ ಕೊಡಲು ಹೂಡಿಕೆದಾರರು ಹಿಂದೆಮುಂದೆ ನೋಡುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು, ಪರಿಚಯ ಮಾಡಿಸುವುದಕ್ಕೂ ಬೆಲೆ ಉಂಟು ಎಂದು. ಇನ್ನು ಆ ಬೆಲೆ ಎಷ್ಟು, ಅದನ್ನು ಯಾರು ಕೊಡುತ್ತಾರೆ ಎನ್ನುವುದು.

ನಮ್ಮ ಕಡೆ ರೂಢಿ ಶೇಕಡ 1 ಅಥವಾ 2. ಕಾನೂನು ಇಷ್ಟೇ ಎಂದು ನಿಗದಿ ಮಾಡಿಲ್ಲ, ಮಾತಾಡಿಕೊಂಡದ್ದೇ ಲೆಕ್ಕ. ಎಷ್ಟೋ ಸಲ ಎರಡೂ ಕಡೆಯಿಂದ ತೆಗೆದುಕೊಳ್ಳುತ್ತಾರೆ. 60 ಲಕ್ಷದ ಎಕರೆಗೆ ಮಾರುವವರಿಂದ ಶೇಕಡ 2, ಕೊಳ್ಳುವವರಿಂದ ಶೇಕಡ 2. ಒಟ್ಟು 2 ಲಕ್ಷ 40 ಸಾವಿರ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇಷ್ಟೂ ಒಬ್ಬನ ಜೇಬಿಗೆ ಹೋಗುತ್ತದೆ ಎಂದು ತಿಳಿಯಬೇಡಿ. ಊರಿನಲ್ಲಿ ಸುದ್ದಿ ಹೇಳಿದ ಕಟಿಂಗ್ ಶಾಪಿನವನು ಒಬ್ಬ. ಅವನಿಂದ ಕೇಳಿ ಹೋಬಳಿಯಲ್ಲಿ ಹೇಳಿದವನು ಇನ್ನೊಬ್ಬ. ತಾಲ್ಲೂಕಿನವನು, ಜಿಲ್ಲೆಯವನು, ಕೊನೆಗೆ ಬೆಂಗಳೂರಿನ ಪಾರ್ಟಿ ಗೊತ್ತಿರುವವನು. ಇದಕ್ಕೆ ಚೈನ್ ಎನ್ನುತ್ತಾರೆ. ಕೊನೆಯ ಕೊಂಡಿಗೆ ದೊಡ್ಡ ಪಾಲು. ಮೊದಲ ಕೊಂಡಿಗೆ ಹಲವು ಸಲ ಒಂದು ಬಿರಿಯಾನಿ ಊಟ! ಬಂಡವಾಳವಿಲ್ಲದ ದುಡಿಮೆ ಎಂದು ಹೊರಡುವ ಹುಡುಗರು ಇದನ್ನೂ ಗಮನಿಸಬೇಕು. ಅವರು ಆರಂಭದಲ್ಲಿ ನಿಲ್ಲುವುದು ಆ ಮೊದಲ ಕೊಂಡಿಯ ಜಾಗದಲ್ಲೇ.

ಶೇಕಡಾವಾರು ಕಮಿಷನ್ ಎಲ್ಲರ ಎದುರು ಹೇಳಬಹುದಾದ ಲೆಕ್ಕ. ತೊಂದರೆ ಬರುವುದು ಹೇಳದೆ ತೆಗೆದುಕೊಳ್ಳುವ ಲೆಕ್ಕದಿಂದ. ನೀವು ದನಗಳ ಜಾತ್ರೆ ನೋಡಿದ್ದರೆ ನಿಮಗೆ ಇದು ಬೇಗ ತಿಳಿಯುತ್ತದೆ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಂಥ ಕಡೆ ದಲ್ಲಾಳಿ ಮಾರುವವರ ಕೈಯನ್ನು ಟವೆಲಿನ ಕೆಳಗೆ ಹಿಡಿದು ಬೆರಳು ಒತ್ತುತ್ತಾನೆ. ಬೆರಳಿನಲ್ಲೇ ಬೆಲೆ. ಆಮೇಲೆ ಕೊಳ್ಳುವವರ ಕೈ ಹಿಡಿದು ಅದೇ ರೀತಿ ಒತ್ತುತ್ತಾನೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಜಾತ್ರೆಯಲ್ಲಿ ಅದಕ್ಕೊಂದು ಅರ್ಥವಿದೆ, ಪಕ್ಕದ ಎತ್ತಿನವರಿಗೆ ಬೆಲೆ ತಿಳಿಯಬಾರದು. ಆದರೆ ಜಮೀನಿನ ವ್ಯವಹಾರದಲ್ಲಿ ಟವೆಲು ಮುಚ್ಚುವುದು ಪಕ್ಕದವರಿಗಲ್ಲ. ಮಾರುವವರಿಗೂ ಕೊಳ್ಳುವವರಿಗೂ ಒಬ್ಬರ ಬೆಲೆ ಇನ್ನೊಬ್ಬರಿಗೆ ತಿಳಿಯದ ಹಾಗೆ ಮುಚ್ಚುತ್ತಾರೆ.

ಅದು ಹೇಗೆ ನಡೆಯುತ್ತದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಲ್ಲಾಳಿ ಮೊದಲು ಮಾರುವವರನ್ನು ಕೇಳುತ್ತಾನೆ. "ನಿಮ್ಮ ಕೈಗೆ ಎಷ್ಟು ಬರಬೇಕು ಹೇಳಿಬಿಡಿ, ಯಜಮಾನ್ರೇ. ಕಮಿಷನ್ನೂ ಕೊಡಬೇಡಿ." ಅವರು 50 ಎನ್ನುತ್ತಾರೆ. ಅವನು ಕೊಳ್ಳುವವರ ಹತ್ತಿರ ಹೋಗಿ 60 ಎನ್ನುತ್ತಾನೆ. ನಡುವಿನ 10 ಲಕ್ಷ ತನ್ನದು ಎಂದು ಲೆಕ್ಕ. ಮೇಲೆ ಕೊಳ್ಳುವವರಿಂದ ಶೇಕಡ 2 ಬೇರೆ.

ನನ್ನ ಮೇಜಿನ ಮುಂದೆಯೇ ಒಮ್ಮೆ ಇಂಥ ಲೆಕ್ಕ ಬಯಲಾಯಿತು. ಗುಬ್ಬಿ ಕಡೆಯ ಒಬ್ಬ ತಾಯಿ, ಗಂಡ ತೀರಿಕೊಂಡವರು, ಒಂದು ಎಕರೆ ಮಾರಲು ಬಂದಿದ್ದರು. ಕೊಳ್ಳುವವರು ಬೆಂಗಳೂರಿನವರು. ಪೂರ್ತಿ ಹಣ ಬ್ಯಾಂಕಿನ ಮೂಲಕವೇ ಕೊಡುತ್ತೇನೆ, ಪೂರ್ತಿ ಹಣ ಪತ್ರದಲ್ಲೇ ಬರಬೇಕು ಎಂದು ಅವರು ಹಟ ಹಿಡಿದಿದ್ದರು. ದಲ್ಲಾಳಿಗೆ ಈ ಹಟದ ಸುದ್ದಿ ತಡವಾಗಿ ತಿಳಿದಿತ್ತು. ಪತ್ರದ ಕರಡು ಓದಿ ಹೇಳುವುದು ನಮ್ಮ ಪದ್ಧತಿ, ಓದು ಬಾರದವರಿಗಂತೂ ಓದಲೇಬೇಕು. ಚಕ್ಕುಬಂದಿ ಓದಿದೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ. ಆ ತಾಯಿ ತಲೆ ಆಡಿಸುತ್ತಿದ್ದರು. "ಕ್ರಯದ ಮೊಬಲಗು ಅರವತ್ತು ಲಕ್ಷ ರೂಪಾಯಿಗಳು" ಎಂದು ಓದಿದೆ. ತಲೆ ನಿಂತಿತು.

"ಐವತ್ತಲ್ವೇನಪ್ಪಾ?" ಅಂದರು.

ಕೊಳ್ಳುವವರು ನನ್ನ ಮುಖ ನೋಡಿದರು. ಟೀ ಅಂಗಡಿಯಿಂದ ದಲ್ಲಾಳಿಯನ್ನು ಕರೆಸಿದೆವು. ಅವನು ಬಂದವನೇ ಕೈ ಮುಗಿದು, "ಅಮ್ಮಾ, ಕೈಗೆ ಐವತ್ತು ಬಂದ್ರೆ ಸಾಕು ಅಂತ ನೀವೇ ಹೇಳಿದ್ರಲ್ಲಾ" ಎಂದ. ಆ ತಾಯಿ ಜೋರು ಮಾಡಲಿಲ್ಲ. "ನಾನು ಹೇಳಿದ್ದು ನಿಜ ಕಣಪ್ಪಾ. ಅರವತ್ತಕ್ಕೆ ಗಿರಾಕಿ ಅವ್ರೆ ಅಂತ ನೀನು ಹೇಳಲಿಲ್ವಲ್ಲಾ" ಅಂದರು.

ಆ ದಿನ ರಿಜಿಸ್ಟ್ರಿ ಆಗಲಿಲ್ಲ. ಆಮೇಲೆ ಆಯಿತು. 60 ಲಕ್ಷವೂ ಆ ತಾಯಿಗೇ ಹೋಯಿತು. ದಲ್ಲಾಳಿಗೆ ಶೇಕಡ 2 ಕೊಟ್ಟರು, ಅದೂ ಕೊಳ್ಳುವವರು ಹೇಳಿದ್ದಕ್ಕೆ. ಆ ದಲ್ಲಾಳಿ ಕೆಟ್ಟವನೇನಲ್ಲ. ಹಳ್ಳಿಯ ಕಷ್ಟಸುಖಕ್ಕೆ ಆಗುವವನೇ. ಎಲ್ಲರೂ ಹೀಗೇ ಮಾಡುತ್ತಾರೆ, ಇದರಲ್ಲಿ ತಪ್ಪೇನು ಎಂಬುದು ಅವನ ಭಾವನೆ. ನನಗೆ ಬೇಸರ ತರುವುದು ಈ ಭಾವನೆಯೇ.

ಕಾನೂನು ಇದಕ್ಕೆ ಏನು ಹೇಳುತ್ತದೆ? ಮಾರುವವರ ಪರವಾಗಿ ಮಾತಾಡಲು ಒಪ್ಪಿಕೊಂಡವನು ಗುಟ್ಟಾಗಿ ಬೆಲೆಯ ನಡುವಿನ ಹಣ ಇಟ್ಟುಕೊಳ್ಳಬಹುದೇ?

ಉತ್ತರ ತುಂಬ ಹಳೆಯದು. ಭಾರತೀಯ ಕರಾರು ಕಾಯಿದೆ ಬಂದದ್ದು 1872ರಲ್ಲಿ. ಇವತ್ತಿಗೂ ಅದೇ ಚಾಲ್ತಿಯಲ್ಲಿದೆ. ಯಜಮಾನನ ಪರವಾಗಿ ಕೆಲಸ ಮಾಡುವ ಏಜೆಂಟು ಯಜಮಾನನಿಗಾಗಿ ಬಂದ ಹಣಕ್ಕೆ ಲೆಕ್ಕ ಕೊಡಬೇಕು ಎಂದು ಅದು ಹೇಳುತ್ತದೆ. ಕೆಲಸದಲ್ಲಿ ದುರ್ನಡತೆ ತೋರಿದರೆ ಆ ಭಾಗದ ಸಂಭಾವನೆ ಕೇಳುವ ಹಕ್ಕೂ ಇಲ್ಲ ಎನ್ನುತ್ತದೆ. ಆ ಕಾಯಿದೆಯಲ್ಲಿ ನನಗೆ ಇಷ್ಟವಾದ ಒಂದು ನಿದರ್ಶನವಿದೆ. ಕಾನೂನು ಪುಸ್ತಕದಲ್ಲಿ ಕಥೆ ಬರುವುದು ಅಪರೂಪ, ಆದ್ದರಿಂದ ಹೇಳಿಬಿಡುತ್ತೇನೆ. ಒಬ್ಬ ಜಮೀನ್ದಾರ ತನ್ನ ಎಸ್ಟೇಟು ಮಾರಿಕೊಡು ಎಂದು ಒಬ್ಬನಿಗೆ ವಹಿಸುತ್ತಾನೆ. ಅವನು ಜಾಗ ನೋಡಲು ಹೋಗುತ್ತಾನೆ. ಅಲ್ಲೊಂದು ಗಣಿ ಇರುವುದು ಅವನ ಕಣ್ಣಿಗೆ ಬೀಳುತ್ತದೆ. ಒಡೆಯನಿಗೆ ಅದು ಗೊತ್ತಿಲ್ಲ. ಇವನು ಬಾಯಿ ಬಿಡುವುದಿಲ್ಲ. "ಈ ಜಾಗ ನಾನೇ ಕೊಳ್ಳುತ್ತೇನೆ" ಎಂದು ಕೊಂಡುಕೊಳ್ಳುತ್ತಾನೆ. ಮುಂದೆ ಒಂದು ದಿನ ಒಡೆಯನಿಗೆ ವಿಷಯ ತಿಳಿದರೆ? ಆ ಮಾರಾಟವನ್ನು ತಳ್ಳಿಹಾಕುವ ಹಕ್ಕು ಒಡೆಯನಿಗೆ ಇದೆ ಎನ್ನುತ್ತದೆ ಕಾಯಿದೆ.

ನಮ್ಮ ತುಮಕೂರು, ರಾಮನಗರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಗಣಿ ಸಿಗುವುದು ಅಪರೂಪ. ರಸ್ತೆ ಸಿಗುತ್ತದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತಿ ಬರುವ ಉಪನಗರ ವರ್ತುಲ ರಸ್ತೆಯ ನಕ್ಷೆ ಯಾರ ಕೈಗೆ ಮೊದಲು ಸಿಕ್ಕಿತು, ಯಾರು ಅದಕ್ಕೂ ಮೊದಲು ಅಗ್ರಿಮೆಂಟ್ ಹಾಕಿಸಿಕೊಂಡರು, ಇದೆಲ್ಲ ಆ ಭಾಗದ ಟೀ ಅಂಗಡಿಗಳಲ್ಲಿ ಇನ್ನೂ ಚರ್ಚೆಯಾಗುವ ವಿಷಯ. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರಲ್ಲಿ. ಅದಕ್ಕೂ ವರ್ಷಗಳ ಹಿಂದೆಯೇ ಅಲ್ಲಿ ಓಡಾಡಿದ ಬೈಕುಗಳು ಕಡಿಮೆಯಲ್ಲ. ಹೊರಗಿನಿಂದ ಬಂದ ವ್ಯಾಪಾರಿ ತನ್ನ ಜಾಣತನದಿಂದ ಮೊದಲೇ ಕೊಂಡರೆ ಅದು ವ್ಯಾಪಾರ. ಆದರೆ "ಅಣ್ಣಾ, ನಿಮ್ಮ ಪರವಾಗಿ ಒಳ್ಳೇ ಬೆಲೆ ತಂದುಕೊಡ್ತೀನಿ" ಎಂದು ಹೇಳಿ, ರಸ್ತೆಯ ಸುದ್ದಿ ಮುಚ್ಚಿಟ್ಟು, ಭಾವಮೈದುನನ ಹೆಸರಿನಲ್ಲಿ ತಾನೇ ಕೊಂಡವನು ಆ ಹಳೆಯ ಗಣಿಯ ಕಥೆಯಲ್ಲಿ ಬರುವವನೇ.

ಹಾಗಾದರೆ ಮೇಲಿನ ಹಣ ಇಟ್ಟುಕೊಳ್ಳುವುದು ಯಾವತ್ತೂ ತಪ್ಪೇ? ಅಲ್ಲ. ಮೊದಲೇ ಹೇಳಿ, ಬರೆದುಕೊಂಡಿದ್ದರೆ ತಪ್ಪಲ್ಲ. ಕಲ್ಕತ್ತೆಯ ಒಂದು ಮೊಕದ್ದಮೆ ಇದೆ. 1943ರಲ್ಲಿ ಅಲ್ಲಿನ ಒಬ್ಬ ಮಾಲೀಕರು ತಮ್ಮ ಆಸ್ತಿ ಮಾರಿಸಿಕೊಡಲು ದಲ್ಲಾಳಿಗೆ ಒಂದು ಪತ್ರ ಬರೆದುಕೊಟ್ಟರು. ಕನಿಷ್ಠ ಬೆಲೆ ಒಂದು ಲಕ್ಷ. ಇಂತಿಷ್ಟು ಫೀಸು. ಗೊತ್ತುಪಡಿಸಿದ ಮೊತ್ತಕ್ಕಿಂತ ಹೆಚ್ಚು ಬಂದರೆ ಆ ಹೆಚ್ಚಿನದರಲ್ಲೂ ಪಾಲು. ಅವಧಿ ಒಂದು ತಿಂಗಳು. ಎಲ್ಲ ಒಂದೇ ಪತ್ರದಲ್ಲಿ. ದಲ್ಲಾಳಿ ಕೊಳ್ಳುವವರನ್ನು ಹುಡುಕಿ ತಂದ. ಮಾಲೀಕರು ಆಮೇಲೆ ಅವನನ್ನು ಪಕ್ಕಕ್ಕಿಟ್ಟು ಅದೇ ಜನರ ಕಡೆಯವರಿಗೆ ಮಾರಿಬಿಟ್ಟರು. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1950ರಲ್ಲಿ ಕೋರ್ಟು, ಕೊಳ್ಳಲು ಸಿದ್ಧರಿರುವವರನ್ನು ತಂದು ನಿಲ್ಲಿಸಿದವನಿಗೆ ಫೀಸು ಸಲ್ಲಬೇಕು ಎಂದಿತು. ಕೈಯಲ್ಲಿ ಆ ಒಂದು ಹಾಳೆ ಇಲ್ಲದಿದ್ದರೆ ಅವನ ಪಾಡು ಏನಾಗುತ್ತಿತ್ತು, ಯೋಚಿಸಿ.

ಇನ್ನು ಕೆಲವರು ತಮ್ಮ ಹೆಸರಿನಲ್ಲೇ ಕ್ರಯದ ಕರಾರು ಮಾಡಿಕೊಂಡು, ಮುಂಗಡ ಕೊಟ್ಟು, ಆಮೇಲೆ ಹೆಚ್ಚಿನ ಬೆಲೆಗೆ ಗಿರಾಕಿ ತರುತ್ತಾರೆ. ರಿಜಿಸ್ಟ್ರಿ ದಿನ ಒಪ್ಪಿಗೆ ಸಾಕ್ಷಿಯಾಗಿ ಸಹಿ ಹಾಕುತ್ತಾರೆ. ಅದು ಬೇರೆ. ಅವರು ಕೊಳ್ಳುವವರು, ದಲ್ಲಾಳಿಗಳಲ್ಲ. ಮುಂಗಡ ಮುಳುಗಿದರೆ ಮುಳುಗುವುದು ಅವರದೇ ಹಣ. ಆದರೆ ಮಾರುವವರ ಎದುರು "ನಾನು ನಿಮ್ಮ ಕಡೆಯವನು" ಎಂದು ಮಾತ್ರ ಹೇಳಬಾರದು.

ಇಲ್ಲಿಯವರೆಗೆ ಎರಡು ಮಾತಾಯಿತು. ಪರಿಚಯಕ್ಕೆ ಬೆಲೆ ಇದೆ, ಆ ಬೆಲೆ ಬಯಲಿನಲ್ಲಿ ಇರಬೇಕು. ಈಗ, ಈ ಕೆಲಸ ಮಾಡಲು ನೋಂದಣಿ ಬೇಕೋ ಬೇಡವೋ ಎಂಬ ಪ್ರಶ್ನೆ.

ರೇರಾ ಎಂಬ ಹೆಸರು ಕೇಳಿರುತ್ತೀರಿ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ಕಾಯಿದೆ, ನಮ್ಮ ರಾಜ್ಯದ ನಿಯಮಗಳು ಬಂದದ್ದು 2017ರಲ್ಲಿ. ಲೇಔಟು, ಅಪಾರ್ಟ್‌ಮೆಂಟು ಮುಂತಾದ ಯೋಜನೆಗಳು 500 ಚದರ ಮೀಟರ್ ದಾಟಿದರೆ, ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿದ್ದರೆ ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಅಂಥ ಯೋಜನೆಯ ಸೈಟು, ಫ್ಲ್ಯಾಟು ಮಾರಿಸುವ ಏಜೆಂಟರೂ ನೋಂದಾಯಿಸಬೇಕು. ಏಜೆಂಟು ಎಂದರೆ ಬೋರ್ಡು ಹಾಕಿಕೊಂಡವರು ಮಾತ್ರ ಎಂದುಕೊಳ್ಳಬೇಡಿ. ದುಡ್ಡು ಪಡೆದು ಮಾರುವವರನ್ನೂ ಕೊಳ್ಳುವವರನ್ನೂ ಯಾವುದೇ ಮಾಧ್ಯಮದಲ್ಲಿ ಪರಸ್ಪರ ಪರಿಚಯಿಸುವವರು ಕೂಡ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ವಾಟ್ಸಾಪಿನಲ್ಲಿ ಲೇಔಟಿನ ಚಿತ್ರ ಕಳಿಸಿ, ಗಿರಾಕಿಯನ್ನು ಜೋಡಿಸಿ, ಕಮಿಷನ್ ತೆಗೆದುಕೊಳ್ಳುವ ಹುಡುಗನೂ ಬರುತ್ತಾನೆ. ನೋಂದಣಿ ಇಲ್ಲದೆ ಮಾಡಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ. ಅದು ಬೆಳೆದು ಆಸ್ತಿಯ ಬೆಲೆಯ ಶೇಕಡ 5ರವರೆಗೂ ಹೋಗಬಹುದು. ಹೊಲ, ತೋಟ, ಹಳೆಯ ಮನೆಯ ಮರುಮಾರಾಟ ಸಾಮಾನ್ಯವಾಗಿ ಇದರ ಹೊರಗೆ. ಅಲ್ಲಿ ನಾನು ಮೊದಲು ಹೇಳಿದ 1872ರ ಕಾಯಿದೆಯೇ ಕಾವಲು.

ಕಾನೂನಿನ ಮಾತು ಇಷ್ಟು. ಈಗ ಮತ್ತೆ ಮೇಜಿಗೆ ಬರುತ್ತೇನೆ. ಯಾವ ದಲ್ಲಾಳಿಗೆ ನಾನು ಕುರ್ಚಿ ಕೊಟ್ಟು ಕೂರಿಸುತ್ತೇನೆ ಗೊತ್ತೇ? ಕಡತ ಹಿಡಿದು ಬರುವವನಿಗೆ.

ಹೂಡಿಕೆದಾರರಿಗೆ ಜಾಗ ತೋರಿಸುವುದು ಸುಲಭ. ಗಾಡಿ ನಿಲ್ಲಿಸಿ ಕೈ ಚಾಚಿದರೆ ಆಯಿತು. ಆ ಜಾಗವನ್ನು ಮಾರಲು ಯಾರ ಯಾರ ಸಹಿ ಬೇಕು ಎಂದು ಹೇಳುವುದು ಕಷ್ಟ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಬಂದ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಆ ಹೊತ್ತಿಗೆ ತಂದೆ ಬದುಕಿದ್ದರೋ ಇಲ್ಲವೋ ಮುಖ್ಯವಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ವಂಶವೃಕ್ಷ ಬರೆಸುವಾಗ ಅಕ್ಕತಂಗಿಯರನ್ನು ಮರೆಯುವ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. ಮರೆತ ತಂಗಿಗೆ ರಿಜಿಸ್ಟ್ರಿ ಆದ ಮೇಲೆ ನೆನಪು ಬರುತ್ತದೆ. ಆಗ ಕೊಂಡವರು ಕೋರ್ಟಿಗೆ, ದಲ್ಲಾಳಿ ನಾಪತ್ತೆ. "ಸ್ವಾಮಿ, ಮೂರನೇ ಮಗಳನ್ನು ದಾವಣಗೆರೆಗೆ ಕೊಟ್ಟಿದ್ದಾರೆ, ಅವರ ಸಹಿ ಇಲ್ಲದೆ ಮುಂದೆ ಹೋಗಬೇಡಿ" ಎಂದು ಮೊದಲೇ ಹೇಳಿದವನಿಗೆ ಕೊಟ್ಟ ಶೇಕಡ 2 ಒಂದು ರೂಪಾಯಿಯೂ ವ್ಯರ್ಥವಲ್ಲ.

ಇನ್ನೊಂದು, ಸರ್ಕಾರದಿಂದ ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಮಾರುವಂತಿಲ್ಲ. 1978ರ ಕಾಯಿದೆ, ಪಿಟಿಸಿಎಲ್ ಎನ್ನುತ್ತಾರೆ. ಹಾಗೆ ಕೊಂಡರೆ ಆ ಮಾರಾಟವೇ ಅಸಿಂಧು. ಜಮೀನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಹೋಗುತ್ತದೆ. 2023ರ ತಿದ್ದುಪಡಿಯ ಮೇಲೆ ಹಕ್ಕು ಕೇಳಲು ಕಾಯಿದೆಯಲ್ಲಿ ಕಾಲಮಿತಿಯೂ ಇಲ್ಲ. ಅಗ್ಗಕ್ಕೆ ಸಿಗುವ ಎಕರೆ ಎಂದು ತೋರಿಸುವವರು ಹಳೆಯ ಮಂಜೂರಾತಿ ಕಡತ ನೋಡಿದ್ದಾರೆಯೇ ಎಂದು ಕೇಳಿ. "ನೋಡಬೇಕಾ ಸಾರ್?" ಎಂದರೆ ಗಾಡಿ ಹತ್ತಿ ವಾಪಸು ಬನ್ನಿ.

ನಂಬಿಕಸ್ತ ದಲ್ಲಾಳಿ ಹೇಗಿರುತ್ತಾನೆ ಎಂದು ಹೇಳಿದೆ. ಆದರೆ ಇದು ಏಕಪಕ್ಷೀಯವಾಗಬಾರದು. ದಲ್ಲಾಳಿಗೂ ಮೋಸವಾಗುತ್ತದೆ, ಅದೂ ಕಡಿಮೆಯಲ್ಲ.

ಜಾಗ ತೋರಿಸಿ, ಮಾರುವವರ ಮನೆಯಲ್ಲಿ ಕಾಫಿ ಕುಡಿಸಿ, ಎರಡೂ ಕಡೆಯವರ ಫೋನ್ ನಂಬರು ಕೊಟ್ಟ ಮೇಲೆ, "ಬೆಲೆ ಕುದುರಲಿಲ್ಲ, ಬಿಡಪ್ಪ" ಎಂದು ಇಬ್ಬರೂ ಹೇಳುತ್ತಾರೆ. ನಾಲ್ಕು ತಿಂಗಳ ಮೇಲೆ ನೋಡಿದರೆ ಪಹಣಿಯಲ್ಲಿ ಹೆಸರು ಬದಲಾಗಿದೆ! ಬೇರೆ ಊರಿನ ನೋಂದಣಿ ಕಚೇರಿಯಲ್ಲಿ ಸದ್ದಿಲ್ಲದೆ ಮುಗಿಸಿರುತ್ತಾರೆ. ಬಾಯಿಮಾತಿನ ಕಮಿಷನ್ನಿಗೆ ಸಾಕ್ಷಿ ಎಲ್ಲಿ ತರುವುದು?

ಅದಕ್ಕೇ ನಾನು ಹುಡುಗರಿಗೆ ಹೇಳುವುದು, ಗಾಡಿ ಹತ್ತುವ ಮೊದಲು ಒಂದು ಹಾಳೆ ಬರೆಸಿಕೊಳ್ಳಿ. ಯಾವ ಸರ್ವೆ ನಂಬರು, ಎಷ್ಟು ಗುಂಟೆ. ನಾನು ಯಾರ ಪರ. ಫೀಸು ಯಾರು ಕೊಡುತ್ತಾರೆ, ಎಷ್ಟು, ಯಾವಾಗ. ಇನ್ನೊಂದು ಕಡೆಯಿಂದಲೂ ಪಡೆಯುವುದಾದರೆ ಅದನ್ನೂ ಬರೆಯಿರಿ, ಎರಡೂ ಕಡೆಯವರು ಓದಲಿ. ನಾನು ಪರಿಚಯಿಸಿದವರಿಗೆ ಅಥವಾ ಅವರ ಕಡೆಯವರಿಗೆ ಇಂತಿಷ್ಟು ತಿಂಗಳೊಳಗೆ ಮಾರಿದರೆ ಫೀಸು ಸಲ್ಲಬೇಕು ಎಂಬ ಸಾಲು ಇರಲಿ. ಊರಿನಲ್ಲಿ ಮೊದಲ ಸುದ್ದಿ ಕೊಟ್ಟವನ ಪಾಲನ್ನೂ ಅಲ್ಲೇ ಬರೆದುಬಿಡಿ, ಬಿರಿಯಾನಿಯ ಮೇಲೆ ಬಿಡಬೇಡಿ. ಯಾವಾಗ ಕೊಡಬೇಕು ಎಂದು ಬರೆಯದಿದ್ದರೆ, ವಹಿಸಿದ ಕೆಲಸ ಮುಗಿಯುವವರೆಗೆ ಫೀಸು ಕೇಳಲಾಗದು ಎಂದು ಅದೇ ಹಳೆಯ ಕಾಯಿದೆ ಹೇಳುತ್ತದೆ. ಮುಂಗಡದ ದಿನ ಸ್ವಲ್ಪ, ರಿಜಿಸ್ಟ್ರಿ ದಿನ ಉಳಿದದ್ದು ಎಂಬ ರೂಢಿ ನಿಮಗೆ ಒಪ್ಪಿಗೆಯಾದರೆ ಬರೆಸಿಕೊಳ್ಳಿ.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜಮೀನಿನ ಮುಂಗಡವನ್ನು 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ತೆಗೆದುಕೊಳ್ಳುವಂತಿಲ್ಲ, 2015ರಿಂದಲೂ ಹಾಗೇ ಇದೆ. ಕಮಿಷನ್ ಕೂಡ ಬ್ಯಾಂಕಿನ ಮೂಲಕವೇ ಹೋಗಲಿ, ರಸೀದಿ ಇರಲಿ. ಪಟ್ಟಣದ ಸೈಟು, ಮನೆ ಮಾರಿದವರಿಗೆ ಇದರಿಂದ ಲಾಭವೂ ಇದೆ. ಬಂಡವಾಳ ಲಾಭದ ತೆರಿಗೆ ಲೆಕ್ಕ ಹಾಕುವಾಗ ಆ ಕಮಿಷನ್ನನ್ನು ಮಾರಾಟದ ಖರ್ಚೆಂದು ಕಳೆಯಬಹುದು. ರಸೀದಿಯಿಲ್ಲದೆ ಕೈಯಿಂದ ಕೈಗೆ ಕೊಟ್ಟ ನೋಟಿಗೆ ಆ ಅನುಕೂಲ ಸಿಗುವುದು ಕಷ್ಟ. ದಲ್ಲಾಳಿಯ ವರ್ಷದ ಫೀಸು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಅಷ್ಟು ಬಂದರೆ ಸಂತೋಷ, ಲೆಕ್ಕ ಬರೆಯಲು ಒಬ್ಬರನ್ನು ಇಟ್ಟುಕೊಳ್ಳಿ.

ಹಾಳೆ ಬರೆಸಿಕೊಳ್ಳಿ ಎಂದೆ, ರಸೀದಿ ಇಟ್ಟುಕೊಳ್ಳಿ ಎಂದೆ. ಒಂದು ಹಾಳೆಗೆ ಮಾತ್ರ ಸಹಿ ಹಾಕಬೇಡಿ ಎಂದೂ ಹೇಳಬೇಕಾಗಿದೆ. ಇದು ಮುಖ್ಯವಾಗಿ ಹೊರದೇಶದಲ್ಲಿರುವ ನಮ್ಮವರಿಗೆ, ಅವರ ಊರಿನ ತಂದೆತಾಯಿಗಳಿಗೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಸೈಟು ಇರುತ್ತದೆ. ಮಗ, ಮಗಳು ಅಮೆರಿಕದಲ್ಲೋ ದುಬೈಯಲ್ಲೋ ಇರುತ್ತಾರೆ. ಗಿರಾಕಿ ಹುಡುಕಿದವನೇ ಹೇಳುತ್ತಾನೆ, "ನೀವು ಯಾಕೆ ಅಷ್ಟು ದೂರದಿಂದ ಬರುತ್ತೀರಿ? ನನ್ನ ಹೆಸರಿಗೆ ಒಂದು ಜಿಪಿಎ ಕಳಿಸಿ, ಎಲ್ಲ ನಾನೇ ಮುಗಿಸುತ್ತೇನೆ." ಜಿಪಿಎ ಎಂದರೆ ಸಾಮಾನ್ಯ ಅಧಿಕಾರ ಪತ್ರ. ಅದು ಕೈಗೆ ಹೋದರೆ ಮಾರುವವನೂ ಅವನೇ, ಬೆಲೆ ಹೇಳುವವನೂ ಅವನೇ, ಕಮಿಷನ್ ಪಡೆಯುವವನೂ ಅವನೇ. ಅವನು ಯಾರ ಕಡೆಯವನು ಎಂದು ಕೇಳಲು ಅಲ್ಲಿ ಎರಡನೆಯ ಮನುಷ್ಯನೇ ಇರುವುದಿಲ್ಲ.

ಬರೀ ಜಿಪಿಎ, ಅಗ್ರಿಮೆಂಟ್ ಇಟ್ಟುಕೊಂಡು ಆಸ್ತಿಯ ಹಕ್ಕು ಬದಲಾಗುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಸರಿಯಾದ ಅಧಿಕಾರ ಪತ್ರ ಹಿಡಿದು ನಿಮ್ಮ ಪರವಾಗಿ ನೋಂದಾಯಿತ ಕ್ರಯಪತ್ರ ಬರೆದುಕೊಟ್ಟರೆ ಅದು ಮಾರಾಟವೇ. ಆಮೇಲೆ ಕೇಳಿ ಪ್ರಯೋಜನವಿಲ್ಲ. ಬರಲಾಗದಿದ್ದರೆ ಅಧಿಕಾರ ಪತ್ರವನ್ನು ಅಪ್ಪನಿಗೋ ಅಕ್ಕನಿಗೋ ಕೊಡಿ. ಒಂದೇ ಆಸ್ತಿಗೆ, ಒಂದೇ ಮಾರಾಟಕ್ಕೆ, ಕನಿಷ್ಠ ಬೆಲೆ ಬರೆದು ಕೊಡಿ. ಹಣ ನಿಮ್ಮ ಖಾತೆಗೇ ಬೀಳಬೇಕು ಎಂದು ಅದರಲ್ಲೇ ಬರೆಸಿ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದ ಪತ್ರಕ್ಕೆ, ಅದು ಇಲ್ಲಿ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ತಡ ಮಾಡಿ ತಂದವರನ್ನು ನೋಡಿದ್ದೇನೆ, ಎಷ್ಟೋ ಮಾರಾಟ ಅದೊಂದಕ್ಕೇ ನಿಂತಿದೆ.

ಗಿರಾಕಿ ತಂದವನಿಗೆ ಅವನ ಫೀಸನ್ನು ಚೆಕ್ಕಿನಲ್ಲಿ ಬೇರೆಯಾಗಿ ಕೊಡಿ, ಒಳಗೆ ಕರೆದು ಕೂರಿಸಿ, ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಸಿ. ಹಾಕುವುದಿಲ್ಲ ಎಂದರೆ ಯಾಕೆ ಎಂದು ಕೇಳಿ.